ಚೀಟಿ ಬರೆದರೆ ಸಾಲದು, ಅಂಗಡಿ ತೆರೆದಿರಬೇಕು

ಇಂಗ್ಲೆಂಡಿನ ವೈದ್ಯರು ಈಗ ಔಷಧದ ಚೀಟಿಯ ಜೊತೆಗೆ ಇನ್ನೊಂದು ಬಗೆಯ ಚೀಟಿಯನ್ನೂ ಕೊಡತೊಡಗಿದ್ದಾರೆ. ಅದನ್ನು ಹಿಡಿದು ರೋಗಿ ಔಷಧದ ಅಂಗಡಿಗೆ ಹೋಗಬೇಕಾಗಿಲ್ಲ. ಹಾಡುವವರ ಕೂಟಕ್ಕೋ, ತೋಟದ ಕೆಲಸ ಮಾಡುವ ಗುಂಪಿಗೋ, ವಯಸ್ಸಾದವರು ಒಟ್ಟಿಗೆ ಕುಳಿತು ಉಣ್ಣುವಲ್ಲಿಗೋ, ಸಾಲ ತೀರಿಸುವ ದಾರಿ ತೋರಿಸುವ ಕಚೇರಿಗೋ ಹೋಗಬೇಕು. ಇದಕ್ಕೆ ಅವರು ‘ಸೋಷಿಯಲ್ ಪ್ರಿಸ್ಕ್ರೈಬಿಂಗ್’ ಎಂದು ಹೆಸರಿಟ್ಟಿದ್ದಾರೆ. ಜನರ ಒಡನಾಟವನ್ನೇ ಔಷಧವಾಗಿ ಬರೆದುಕೊಡುವುದು ಎಂದರ್ಥ.

ಕೆಮ್ಮಿಗೆ ಕೋಲಾಟವೇ ಮದ್ದೇ ಎಂದು ನಗುವವರಿದ್ದಾರೆ. ನಾವು ನಗುವುದಿಲ್ಲ. ಇ.ಎಸ್.ಐ. ಔಷಧಾಲಯದ ಸಾಲಿನಲ್ಲಿ ನಿಂತವನಿಗೆ ಗೊತ್ತು, ಮುಂದೆ ನಿಂತವನ ಹೊಟ್ಟೆನೋವಿನ ಬೇರು ಹೊಟ್ಟೆಯಲ್ಲೇ ಇರಬೇಕೆಂದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಒಂದೇ ಕೋಣೆಯಲ್ಲಿ ಆರು ಜನರ ನಡುವೆ ಮಲಗುವವನಿಗೆ, ಬಾಗಿಲೆಳೆಯುವ ಹೊತ್ತಿಗೆ ಬಡ್ಡಿಯವನ ಮುಖ ನೋಡಬೇಕಾದ ಸಣ್ಣ ವ್ಯಾಪಾರಿಗೆ, ಯಾವ ಗುಳಿಗೆಯಿಂದ ನಿದ್ದೆ ಬಂದೀತು? ಇಂಗ್ಲೆಂಡಿನ ವೈದ್ಯರೂ ಇದನ್ನೇ ಹೇಳಿದ್ದಾರೆ. ಜನರಿಗೆ ಸಲಹೆ ನೀಡುವ ಅಲ್ಲಿನ ಒಂದು ಸಂಸ್ಥೆ 2015ರಲ್ಲಿ ವಿಚಾರಿಸಿದಾಗ, ತಮ್ಮ ಸಮಯದ ಸುಮಾರು ಐದರಲ್ಲೊಂದು ಪಾಲು ಮನೆ, ಸಾಲ, ಕೆಲಸ, ಸಂಸಾರದ ತೊಂದರೆಗಳನ್ನು ಕೇಳುವುದಕ್ಕೇ ಹೋಗುತ್ತದೆಂದು ತಿಳಿಸಿದರು. ಒಬ್ಬ ರೋಗಿಗೆ ಅವರಿಗೆ ಸಿಗುವುದು ಹತ್ತು ನಿಮಿಷ.

ಆದುದರಿಂದ ವೈದ್ಯನಿಗೂ ಊರಿಗೂ ನಡುವೆ ಒಬ್ಬ ‘ಲಿಂಕ್ ವರ್ಕರ್’ನನ್ನು ನೇಮಿಸುವ ಏರ್ಪಾಡಾಯಿತು. ಈತ ರೋಗಿಯೊಡನೆ ಸಾವಧಾನವಾಗಿ ಕುಳಿತು, ನಿಮಗೇನು ಕಾಯಿಲೆ ಎನ್ನದೆ, ನಿಮಗೇನು ಬೇಕು ಎಂದು ಕೇಳುತ್ತಾನೆ. 2019ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಇಂಥ 1,000 ಮಂದಿಯನ್ನು ಎರಡು ವರ್ಷದೊಳಗೆ ನೇಮಿಸುವುದಾಗಿಯೂ, 2023-24ರೊಳಗೆ 9 ಲಕ್ಷ ಜನರನ್ನು ಹೀಗೆ ಕಳುಹಿಸುವುದಾಗಿಯೂ ಸಾರಿತು. ಒಳ್ಳೆಯದೇ. ಒಬ್ಬಂಟಿ ಮುದುಕಿಯ ಮಾತು ಕೇಳಲು ಸರ್ಕಾರ ಒಬ್ಬನಿಗೆ ಸಂಬಳ ಕೊಟ್ಟರೆ ಬೇಡವೆನ್ನಲು ನಾವು ಯಾರು?

ಆದರೆ ಒಂದು ಪ್ರಶ್ನೆಯಿದೆ. ಚೀಟಿ ಹಿಡಿದು ಹೋದ ಮುದುಕಿಗೆ ಅಲ್ಲಿ ಬಾಗಿಲು ತೆರೆದಿರುತ್ತದೆಯೆ?

2010ರಲ್ಲಿ ಅಧಿಕಾರಕ್ಕೆ ಬಂದವರು ಬ್ಯಾಂಕುಗಳು ಮಾಡಿಟ್ಟ ಅನರ್ಥದ ಲೆಕ್ಕವನ್ನು ಊರೂರಿನ ಪೌರಸಭೆಗಳ ತಲೆಗೆ ಕಟ್ಟಿದರು. 2019ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 800 ಸಾರ್ವಜನಿಕ ಗ್ರಂಥಾಲಯಗಳು ಮುಚ್ಚಿದ್ದವು. ಇಂಗ್ಲೆಂಡಿನಲ್ಲಿ ತರುಣರ ಕೂಟಗಳಿಗೂ ಅಂಥ ಸೇವೆಗಳಿಗೂ ಖರ್ಚಾಗುತ್ತಿದ್ದ ಹಣದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹತ್ತು ವರ್ಷದೊಳಗೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಇಷ್ಟೆಲ್ಲ ಒಡೆದ ಮೇಲೆ, 2018ರಲ್ಲಿ, ಜನ ಒಂಟಿಯಾಗಿದ್ದಾರೆಂದು ಅದೇ ಪಕ್ಷದ ದೊರೆಗಳಿಗೆ ಹೊಳೆಯಿತು. ಒಂಟಿತನಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿದರು. ಅದೇ ವರ್ಷ, ದೇಶದ ಎಲ್ಲ ವೈದ್ಯರೂ ರೋಗಿಗಳನ್ನು ಸಂಘ-ಕೂಟಗಳಿಗೆ ಕಳುಹಿಸುವಂತೆ ಮಾಡುತ್ತೇವೆಂದರು. ಮುಚ್ಚಿದ ವಾಚನಾಲಯಕ್ಕೆ ಚೀಟಿ ಬರೆಯುವುದು ಎಂಥ ವೈದ್ಯವೋ ನಮಗೆ ತಿಳಿಯದು.

ಇನ್ನೊಂದು ಚಮತ್ಕಾರ ನೋಡಿ. ಕಳುಹಿಸುವವನ ಸಂಬಳಕ್ಕೆ ಆರೋಗ್ಯ ಸೇವೆಯ ಲೆಕ್ಕದಲ್ಲಿ ಹಣ ಇಟ್ಟರು. ಸೇರಿಸಿಕೊಳ್ಳುವ ಹಾಡಿನ ಕೂಟಕ್ಕೆ, ಊಟದ ಮನೆಗೆ, ಸಾಲದ ಸಲಹೆಗಾರನಿಗೆ ಅಂಥ ನೆಚ್ಚಿಕೆಯ ಹಣ ಇಡಲಿಲ್ಲ. ಅವರು ಚಂದಾ ಎತ್ತಿ, ದಾನ ಬೇಡಿ, ಬಿಟ್ಟಿ ದುಡಿದು ಬಂದವರನ್ನೆಲ್ಲ ಸಾಕಬೇಕು. ಅತ್ತೆಯ ಧನವನ್ನು ಅಳಿಯ ದಾನ ಮಾಡಿದಂತಾಯಿತು. ಈ ಚಿಕಿತ್ಸೆಯಿಂದ ಗುಣವೆಷ್ಟೆಂದು 2017ರಲ್ಲಿ ಸಂಶೋಧಕರು ಅದುವರೆಗಿನ ವರದಿಗಳನ್ನೆಲ್ಲ ಜಾಲಾಡಿದಾಗ, ಹೆಚ್ಚಿನವು ಸಣ್ಣವು, ದುರ್ಬಲವಾದವು, ಫಲ ಇಷ್ಟೇ ಎನ್ನಲು ಸಾಲವು ಎಂದು ಕಂಡಿತು. ಎರಡು ವರ್ಷಗಳಲ್ಲಿ ಅದು ದೇಶದ ನೀತಿಯಾಯಿತು. ಅಗ್ಗದ ಮದ್ದಿಗೆ ಸಾಕ್ಷಿ ಕೇಳುವವರಾರು?

ಬ್ರಿಟನ್ನಿನ ದುಡಿಯುವ ಜನಕ್ಕೆ ಈ ವಿದ್ಯೆಯನ್ನು ಮಂತ್ರಿಗಳು ಕಲಿಸಬೇಕಾಗಿರಲಿಲ್ಲ. ವೇಲ್ಸ್ ಸೀಮೆಯ ಟ್ರೆಡೇಗರ್ ಎಂಬ ಗಣಿಯೂರಿನಲ್ಲಿ, 19ನೆಯ ಶತಮಾನದ ಕೊನೆಯಲ್ಲೇ ಕೆಲಸಗಾರರು ಸಂಬಳದ ಪೌಂಡಿಗೆ ಇಷ್ಟು ಪೆನ್ನಿಯೆಂದು ಕೂಡಿಹಾಕಿ ತಮ್ಮದೇ ವೈದ್ಯ ಸಂಘ ಕಟ್ಟಿದ್ದರು. ಮಾಲೀಕನ ಡಾಕ್ಟರಲ್ಲ, ಸಂಘದ ಡಾಕ್ಟರು. ಕೆಲಸಗಾರರದೇ ವಾಚನಾಲಯವೂ ಆ ಊರಿನಲ್ಲಿತ್ತು. ಅದರ ಪುಸ್ತಕಗಳನ್ನು ಓದಿ ಬೆಳೆದ ಗಣಿಯ ಹುಡುಗ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ, 1948ರ ಜುಲೈ 5ರಂದು ಆ ಸಂಘದ ಏರ್ಪಾಡನ್ನೇ ಇಡೀ ದೇಶಕ್ಕೆ ವಿಸ್ತರಿಸಿದ.

ನಮ್ಮವರ ತಪ್ಪನ್ನೂ ಮುಚ್ಚಿಡುವುದು ಬೇಡ. ಲಂಡನ್ನಿನ ಪೆಕಮ್ ಬಡಾವಣೆಯಲ್ಲಿ ಇಬ್ಬರು ವೈದ್ಯರು 1926ರಲ್ಲಿ ಒಂದು ಆರೋಗ್ಯ ಕೇಂದ್ರ ತೆರೆದು, 1935ರಲ್ಲಿ ಅದಕ್ಕೆ ದೊಡ್ಡ ಕಟ್ಟಡ ಕಟ್ಟಿದರು. ಸಂಸಾರಕ್ಕೆ ವಾರಕ್ಕೊಂದು ಶಿಲಿಂಗ್ ಚಂದಾ. ನಡುವೆ ಈಜುಕೊಳ, ಸುತ್ತ ಆಟ, ಕುಣಿತ, ತಿಂಡಿಯ ಜಾಗ, ಜೊತೆಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ. ಕಾಯಿಲೆ ಬೀಳುವ ಮೊದಲೇ ಜನ ಅಲ್ಲಿ ಸೇರುತ್ತಿದ್ದರು. ಆದರೆ ಹೊಸ ಆರೋಗ್ಯ ಸೇವೆಯ ಕಟ್ಟಳೆಗಳಿಗೆ ಅದು ಒಗ್ಗಲಿಲ್ಲ. 1950ರಲ್ಲಿ, ಕಾರ್ಮಿಕ ಪಕ್ಷವೇ ಆಳುತ್ತಿದ್ದಾಗ, ಹಣವಿಲ್ಲದೆ ಅದು ಮುಚ್ಚಿಹೋಯಿತು.

ದೂರದ ದೇಶದ ಪುರಾಣ ನಮಗೇಕೆ ಎನ್ನಬೇಡಿ. ಈ ಚೀಟಿಯನ್ನು ನಡೆಸುವುದು ಹೇಗೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೈಪಿಡಿ ಹೊರಡಿಸಿದೆ. ನಾಳೆ ನಮ್ಮಲ್ಲಿಗೂ ಬಂದೀತು. ಬಂದರೆ ಆ ಕೆಲಸ ಯಾರ ತಲೆಗೆ ಬೀಳುತ್ತದೆಂದು ತಿಳಿಯಲು ಜೋಯಿಸರನ್ನು ಕೇಳಬೇಕಾಗಿಲ್ಲ. ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರು ಇದ್ದಾರಲ್ಲ! 2005ರಲ್ಲಿ ಆ ಯೋಜನೆ ಬಂದಂದಿನಿಂದ ಅವರಿಗೆ ಗೌರವಧನ, ಪ್ರೋತ್ಸಾಹಧನ ಎನ್ನುತ್ತಾರೆಯೇ ಹೊರತು ಸಂಬಳವೆನ್ನುವುದಿಲ್ಲ.

ನಮ್ಮ ಇ.ಎಸ್.ಐ. ಕಾನೂನು ಬಂದದ್ದೂ 1948ರಲ್ಲೇ. 2019ರ ಜುಲೈಯಿಂದ ಕೆಲಸಗಾರನ ನೂರು ರೂಪಾಯಿ ಕೂಲಿಗೆ ಅವನಿಂದ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಎಂದು ದರ ಇಳಿಸಿದ್ದಾರೆ. ಇಳಿಸಿದ್ದರಲ್ಲಿ ದೊಡ್ಡ ಪಾಲಿನ ಲಾಭ ಯಾರಿಗಾಯಿತೆಂದು ಬೇರೆ ಹೇಳಬೇಕೆ? ಜನರನ್ನು ಕೂಟಕ್ಕೆ ಕಳುಹಿಸುವ ಚೀಟಿ ನಮ್ಮ ಔಷಧಾಲಯಕ್ಕೆ ಬರುವುದಾದರೆ ನಾವು ಸ್ವಾಗತಿಸುತ್ತೇವೆ. ಅದಕ್ಕೆ ಮುಂಚೆ ಗಿರಣಿ ಕೇರಿಯ ವಾಚನಾಲಯಕ್ಕೆ ದೀಪ, ಗರಡಿಮನೆಗೆ ಮಾಡು, ಆಶಾ ಕಾರ್ಯಕರ್ತೆಗೆ ತಿಂಗಳ ಸಂಬಳ, ಸಣ್ಣ ವ್ಯಾಪಾರಿಗೆ ಬಡ್ಡಿಯವನ ಕಾಟವಿಲ್ಲದ ಸಾಲ ಇವುಗಳ ಲೆಕ್ಕ ಆಯವ್ಯಯದ ಯಾವ ಪುಟದಲ್ಲಿದೆಯೆಂದು ತೋರಿಸಲಿ.