ಪುಣ್ಯನದಿಗೂ ಒಂದು ಪಾಲು ಬೇಕು

ಕನ್ನಡ ಬೈಬಲಿನಲ್ಲಿ ‘ಯೊರ್ದನ್ ಹೊಳೆ’ ಎಂದು ಬರುವ ಜೋರ್ಡಾನ್ ನದಿಗೆ ಕ್ರೈಸ್ತರ ಮನಸ್ಸಿನಲ್ಲಿ ದೊಡ್ಡ ಸ್ಥಾನವಿದೆ. ಕುಷ್ಠರೋಗಿಯಾಗಿದ್ದ ಸೇನಾಪತಿ ನಾಮಾನನು ಪ್ರವಾದಿ ಎಲೀಷನ ಮಾತಿನಂತೆ ಏಳು ಸಲ ಮುಳುಗಿ ಗುಣಹೊಂದಿದ್ದು ಈ ಹೊಳೆಯಲ್ಲಿ. ಯೇಸುಸ್ವಾಮಿ ಯೋಹಾನನಿಂದ ದೀಕ್ಷಾಸ್ನಾನ ಪಡೆದದ್ದೂ ಇಲ್ಲಿಯೇ. ಆ ಸ್ಥಳವೆಂದು ನಂಬಲಾಗುವ ಪೂರ್ವದಂಡೆಯ ಅಲ್-ಮಗ್ತಾಸ್ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜಗತ್ತಿನ ಎಲ್ಲ ಕಡೆಯಿಂದ ಯಾತ್ರಿಕರು ಬರುತ್ತಾರೆ. ಆದರೆ ಅವರು ಅಲ್ಲಿ ಕಾಣುವುದು ಕೆಲವೇ ಮೀಟರ್ ಅಗಲದ, ಮಣ್ಣಿನ ಬಣ್ಣದ ಒಂದು ಕಾಲುವೆಯಂಥ ಹರಿವನ್ನು.

ಇದೇಕೆ ಹೀಗಾಯಿತು? ಜೋರ್ಡಾನ್ ನದಿ ಗಲಿಲಾಯ ಸರೋವರದಿಂದ ಹೊರಟು, ಅಂಕುಡೊಂಕಾಗಿ 200 ಕಿಲೋಮೀಟರಿಗೂ ಹೆಚ್ಚು ಹರಿದು ಮೃತ ಸಮುದ್ರವನ್ನು ಸೇರುತ್ತದೆ. ಹಿಂದೆ ವರ್ಷಕ್ಕೆ ಸುಮಾರು 130 ಕೋಟಿ ಘನ ಮೀಟರ್ ನೀರು ಹೀಗೆ ಹರಿದುಹೋಗುತ್ತಿತ್ತು. ಈಗ ಅದರ ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಇಸ್ರೇಲ್ 1964ರಲ್ಲಿ ಸರೋವರದ ನೀರನ್ನು ದೂರದ ಪಟ್ಟಣಗಳಿಗೂ ಹೊಲಗಳಿಗೂ ಒಯ್ಯುವ ಯೋಜನೆಯನ್ನು ಪೂರೈಸಿತು. ಮುಖ್ಯ ಉಪನದಿಯಾದ ಯರ್ಮುಕ್‌ನ ನೀರನ್ನು ಜೋರ್ಡಾನ್ ದೇಶ ಕಾಲುವೆಗೆ ತಿರುಗಿಸಿತು. ಸಿರಿಯಾ ಅದೇ ಉಪನದಿಯ ಹಳ್ಳಗಳಿಗೆ ಅಣೆಕಟ್ಟು ಕಟ್ಟಿತು. ಇವರಲ್ಲಿ ಯಾರೂ ನೀರನ್ನು ಸುಮ್ಮನೆ ಚೆಲ್ಲಲಿಲ್ಲ. ಕುಡಿಯುವುದಕ್ಕೆ, ಬೆಳೆ ತೆಗೆಯುವುದಕ್ಕೆ ಬಳಸಿದರು. ಆದರೆ ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡಾಗ ನದಿಯ ಪಾಲೆಂದು ಏನೂ ಉಳಿಯಲಿಲ್ಲ. ಸಿಹಿನೀರು ಕಡಿಮೆಯಾದ ಪಾತ್ರಕ್ಕೆ ಉಪ್ಪು ಬುಗ್ಗೆಗಳ ನೀರು, ಮೀನು ಸಾಕುವ ಕೊಳಗಳ ನೀರು, ಊರುಗಳ ಚರಂಡಿ ನೀರು ಬಂದು ಸೇರಿದವು.

ಇದರ ಪೆಟ್ಟು ಮೃತ ಸಮುದ್ರಕ್ಕೂ ತಗುಲಿದೆ. ಅಲ್ಲಿಂದ ನೀರು ಹೊರಗೆ ಹರಿಯಲು ದಾರಿಯಿಲ್ಲ, ಆವಿಯಾಗಿಯೇ ಹೋಗಬೇಕು. ಒಳಗೆ ಬರುವುದು ಕಡಿಮೆಯಾಗಿ, ಆವಿಯಾಗುವುದು ಹಾಗೆಯೇ ಮುಂದುವರಿದರೆ ಮಟ್ಟ ಇಳಿಯಲೇಬೇಕು. ಖನಿಜಗಳಿಗಾಗಿ ಅದರ ನೀರನ್ನು ಕೊಳಗಳಲ್ಲಿ ಒಣಗಿಸುವುದೂ ಇದಕ್ಕೆ ಕೂಡಿಕೊಂಡಿದೆ. ಈಗ ಅದು ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಕುಸಿಯುತ್ತಿದೆ. ನೀರು ಹಿಂದೆ ಸರಿದಂತೆ ದಡದ ನೆಲದೊಳಗಿನ ಉಪ್ಪಿನ ಪದರಗಳನ್ನು ಅಂತರ್ಜಲ ಕರಗಿಸುತ್ತದೆ. ನೆಲ ಒಮ್ಮೆಲೇ ಕುಸಿದು ಹೊಂಡವಾಗುತ್ತದೆ. ಇಂಥ ಹೊಂಡಗಳು ಸಾವಿರಾರು ಇವೆ.

ಒಂದು ನದಿಯನ್ನು ಪವಿತ್ರವೆಂದು ಪೂಜ್ಯಭಾವದಿಂದ ಕಂಡಮಾತ್ರಕ್ಕೆ ಅದು ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬೈಬಲ್ ಕೂಡ ಪೂಜ್ಯಭಾವದಲ್ಲೇ ನಿಲ್ಲುವುದಿಲ್ಲ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡ ಹೇಳುತ್ತದೆ. ಎರಡೂ ಕೆಲಸಗಳು ಜೊತೆಯಲ್ಲೇ ಇವೆ. ಬಳಸುವ ಹಕ್ಕನ್ನು ಇಟ್ಟುಕೊಂಡು ಕಾಯುವ ಹೊಣೆಯನ್ನು ಬಿಟ್ಟರೆ ಅದು ವರವನ್ನು ಪಡೆದ ರೀತಿಯಲ್ಲ. ಶುದ್ಧ ಕುಡಿಯುವ ನೀರು ಪ್ರತಿ ಮನುಷ್ಯನ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ತಮ್ಮ ‘ಲಾವ್ದಾತೊ ಸೀ’ ಪತ್ರದಲ್ಲಿ ಬರೆದದ್ದು ಈ ಹೊಣೆಯನ್ನು ನೆನಪಿಸಲೆಂದೇ.

ಆಶೆ ಇಲ್ಲವೆಂದಲ್ಲ. ಇಸ್ರೇಲ್ ಮತ್ತು ಜೋರ್ಡಾನ್ 1994ರ ಶಾಂತಿ ಒಪ್ಪಂದದಲ್ಲಿ ಈ ನದಿಯ ಪುನರುಜ್ಜೀವನದ ಮಾತನ್ನೂ ಸೇರಿಸಿದವು. 2013ರಲ್ಲಿ ಸರೋವರದಿಂದ ಸ್ವಲ್ಪ ಸಿಹಿನೀರನ್ನು ನದಿಗೆಂದೇ ಬಿಡುವ ಕೆಲಸ ಆರಂಭವಾಯಿತು. ಅದು ಅಲ್ಪವೇ. ಆದರೂ ನದಿಗೂ ಒಂದು ಪಾಲು ಇದೆಯೆಂದು ಒಪ್ಪಿಕೊಂಡಂತಾಯಿತು.

ಕಾಯುವ ಕೆಲಸ ಸರ್ಕಾರಗಳದು ಮಾತ್ರವಲ್ಲ. ಚಿಕ್ಕವರೊಬ್ಬರಿಗೆ ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಮಕ್ಕಳು ಮನೆಯಲ್ಲಿ ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಮಿಲಿಲೀಟರಿಗೆ 20 ಹನಿ ಎಂದು ಹಿಡಿಯಿರಿ. ಸೋರುವ ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ 4 ಲೀಟರಿಗೂ ಹೆಚ್ಚು. 200 ಮಿಲಿಲೀಟರಿನ ಲೋಟದಲ್ಲಿ ಅಳೆದರೆ 21 ಲೋಟ. ಅಷ್ಟು ಜನರ ಬಾಯಾರಿಕೆ ತಣಿಸಬಹುದಾಗಿದ್ದ ನೀರು ಒಂದೇ ದಿನದಲ್ಲಿ ಬಚ್ಚಲು ಸೇರುತ್ತದೆ. ಅದನ್ನು ನಿಲ್ಲಿಸಲು ಒಂದು ವಾಷರ್ ಸಾಕು.