ಭಾಗವತಿಕೆಗೆ ಗಂಡು ಕಂಠವೇ ಏಕೆ?

ಕುಂದಾಪುರದ ಒಂದು ಸಭೆಯಲ್ಲಿ ಈಚೆಗೆ ಕಲಾರಸಿಕರೆಂದು ಹೆಸರಾದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮಾತು ಆಟದ ಕಡೆಗೆ ಹೊರಳಿತು. ಹೆಂಗಸರ ಭಾಗವತಿಕೆಯ ವಿಚಾರ ತೆಗೆದೆ. ಅವರು ಕವಳ ಬಾಯಿಯೊಳಗಿಟ್ಟುಕೊಂಡೇ, “ಹೆಂಗಸ್ರ ಸ್ವರಕ್ಕೆ ಆಟ ರೈಸುದಿಲ್ಲ ಮಾರಾಯ್ರೆ” ಎಂದು ತೀರ್ಪು ಕೊಟ್ಟುಬಿಟ್ಟರು. ಅದೇ ಮಹನೀಯರು ಅರ್ಧ ಗಂಟೆಯ ಹಿಂದೆ ವೇದಿಕೆಯ ಮೇಲೆ ನಿಂತು, ಪ್ರಾರ್ಥನೆ ಹಾಡಿದ ಹುಡುಗಿಯನ್ನು ‘ನಮ್ಮೂರ ಕೋಗಿಲೆ’ ಎಂದು ಹೊಗಳಿದ್ದರು.

ಈ ಕೋಗಿಲೆಯ ಮಾತನ್ನೇ ಮೊದಲು ಮುಗಿಸೋಣ. ಹಾಡುವ ಹೆಂಗಸರಿಗೆಲ್ಲ ಈ ಬಿರುದನ್ನು ಹಂಚುವವರು ಮಾಮರದ ಕಡೆಗೆ ಒಮ್ಮೆಯಾದರೂ ನೋಡಿದಂತಿಲ್ಲ. ವಸಂತದಲ್ಲಿ ಊರೆಲ್ಲ ಕೇಳುವಂತೆ ಕೂಗುವುದು ಗಂಡು ಕೋಗಿಲೆ. ಹೆಣ್ಣಿನದು ಬರಿಯ ಕಿಕ್ ಕಿಕ್ ಎಂಬ ಚೀರು. ಹೊಗಳಿಕೆಯಲ್ಲೂ ನಾವು ಹೆಣ್ಣಿಗೆ ಕೊಟ್ಟದ್ದು ಗಂಡಿನ ಕಂಠವನ್ನೇ!

ಅದಿರಲಿ. ‘ರೈಸುದಿಲ್ಲ’ ಎಂಬ ಮಾತಿಗೆ ಆಧಾರವೇನು? ಏರುಶ್ರುತಿಯಲ್ಲಿ, ಚಂಡೆಯ ಅಬ್ಬರದ ಮೇಲೆ, ಬೆಳಗಿನವರೆಗೆ ಹಾಡಬೇಕು. ಹೆಣ್ಣಿನ ಕಂಠ ಅದಕ್ಕೆ ಸಾಲದು, ಎನ್ನುತ್ತಾರೆ. ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಈ ವಾದಕ್ಕೆ ಮಾತಿನಿಂದ ಉತ್ತರ ಕೊಡಲಿಲ್ಲ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ವರ್ಷಗಟ್ಟಲೆ ಜಾಗಟೆ ಹಿಡಿದು ಕುಳಿತು ಹಾಡಿ ಕೊಟ್ಟರು. ಕರ್ನಾಟಕ ಸಂಗೀತ ಕಲಿತಿದ್ದ ಅವರಿಗೆ ಯಕ್ಷಗಾನದ ಪಾಠವಾದದ್ದು ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ‘ಮೊದಲ ವೃತ್ತಿಪರ ಮಹಿಳಾ ಭಾಗವತರು’ ಎಂದು ಬರೆದವು. ಸರಿಯೇ. ಮೊದಲನೆಯವರು ಎಂದ ಮೇಲೆ ನಮ್ಮ ಬಡಗಿನಲ್ಲಿ ಎರಡನೆಯವರು, ಮೂರನೆಯವರು ಎಲ್ಲಿ ಎಂದು ಕೇಳಬೇಕಲ್ಲವೇ? ಬಡಗಿನ ಪದ್ಯ ಹೇಳಬಲ್ಲ ಹೆಣ್ಣುಮಕ್ಕಳು ಇಲ್ಲವೆಂದಲ್ಲ. ಇದ್ದಾರೆ, ಹಾಡುತ್ತಲೂ ಇದ್ದಾರೆ. ಆದರೆ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ ಎಂದು ಮೇಳಗಳಿಂದಲೇ ತುಂಬಿದ ಈ ಸೀಮೆಯಲ್ಲಿ, ತಿರುಗಾಟದ ಕರಪತ್ರದ ಪ್ರಧಾನ ಭಾಗವತರ ಜಾಗದಲ್ಲಿ ಹೆಂಗಸಿನ ಹೆಸರನ್ನು ನಾನಂತೂ ಕಂಡಿಲ್ಲ.

ಏರುದನಿಯ ಇಂಪು ನಮಗೆ ಬೇಡವೇ? 1990ರಲ್ಲಿ ಮೂವತ್ತೆರಡು ತುಂಬುವ ಮೊದಲೇ ಅಗಲಿದ ಗುಂಡ್ಮಿ ಕಾಳಿಂಗ ನಾವುಡರ ಧ್ವನಿಸುರುಳಿಯನ್ನು ಇಂದಿಗೂ ಹಾಕಿ ಕಣ್ಣೊರಸಿಕೊಳ್ಳುವವರು ನಾವು. ಗಂಡಸು ಸೀರೆಯುಟ್ಟು ದ್ರೌಪದಿಯಾಗಿ ಅತ್ತರೆ ನಾವೂ ಅಳುತ್ತೇವೆ. ‘ಸ್ವರ ಹೊಂದುವುದಿಲ್ಲ’ ಎಂದು ಎದ್ದು ಹೋದವರಿಲ್ಲ. ಹೆಣ್ಣು ಭೀಮನ ಪದ್ಯ ಹೇಳಿದರೆ ಮಾತ್ರ ಕಿವಿಗೆ ಶಾಸ್ತ್ರ ನೆನಪಾಗುತ್ತದೆ.

ಇಲ್ಲಿ ಕೆಲವರು ಗಂಗೂಬಾಯಿ ಹಾನಗಲ್ಲರನ್ನು ಎಳೆದು ತರುತ್ತಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಆಕೆ 1913ರಲ್ಲಿ ಹುಟ್ಟಿ 2009ರವರೆಗೆ ಬಾಳಿದರು. 2006ರಲ್ಲಿ, ತೊಂಬತ್ತು ದಾಟಿದ ಮೇಲೂ, ಕಚೇರಿಗೆ ಕುಳಿತರು. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ದಪ್ಪವಾಗಿ ಗಂಡುದನಿಯಂತಾಯಿತು. ‘ನೋಡಿ, ಅಂಥ ಕಂಠವಿದ್ದರೆ ನಮ್ಮ ಅಡ್ಡಿಯಿಲ್ಲ’ ಎಂಬುದು ಈ ಮಿತ್ರರ ಔದಾರ್ಯ! ಗಂಗೂಬಾಯಿಯವರ ಆಸ್ತಿ ದನಿಯ ದಪ್ಪವಲ್ಲ; ಗುರುವಿನ ಮುಂದೆ ಒಂದೇ ಪಲುಕನ್ನು ದಿನಗಟ್ಟಲೆ ತಿದ್ದಿಕೊಂಡ ಸಾಧನೆ. ಅದಕ್ಕೆ ಗಂಡು ಹೆಣ್ಣೆಂಬ ಲಿಂಗವಿಲ್ಲ. ಶಿರೂರು ದಾಟಿ ಉತ್ತರಕ್ಕೆ ಹೋದರೆ ಅಂಕೋಲೆಯ ಸುಕ್ರಿ ಬೊಮ್ಮಗೌಡರಿದ್ದರು. ಹಾಲಕ್ಕಿಗಳ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡ ಆಕೆಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ನಿಧನರಾದರು. ಗದ್ದೆಯ ಗಾಳಿಯಲ್ಲಿ, ಮೈಕಿಲ್ಲದೆ ಹಾಡಿದ ಕಂಠ ಅದು. ನಮ್ಮ ಬೈಂದೂರು, ಬ್ರಹ್ಮಾವರದ ನಟ್ಟಿಗದ್ದೆಗಳಲ್ಲಿ ಸೊಂಟ ಬಗ್ಗಿಸಿಕೊಂಡೇ ಹಾಡಿದ ಅಜ್ಜಿಯರ ಕಂಠಕ್ಕೆ ಶಕ್ತಿ ಸಾಲದೆಂದು ಯಾವ ಒಡೆಯನಾದರೂ ಹೇಳಿದ್ದುಂಟೇ?

ಶ್ರುತಿಯ ತೊಡಕು ಇಲ್ಲವೆನ್ನುವುದಿಲ್ಲ. ಒಂದೇ ರಾತ್ರಿ ಗಂಡಸೊಬ್ಬ, ಹೆಂಗಸೊಬ್ಬಳು ಹಾಡುವುದಾದರೆ ಇನ್ನೊಂದು ಮದ್ದಳೆ ಶ್ರುತಿ ಮಾಡಿ ಇಡಬೇಕಾದೀತು. ಇಬ್ಬರು ಗಂಡಸರ ಶ್ರುತಿ ಬೇರೆಯಾದಾಗಲೂ ಮಾಡುವ ಕೆಲಸವೇ ಅದು. ಇನ್ನು ಇಡೀ ರಾತ್ರಿಯ ಮಾತು: ಕಾಲಮಿತಿಯ ಆಟ ಬಂದ ಮೇಲೂ ಅದನ್ನೇ ಹೇಳುವುದು ನಗೆಪಾಟಲು.

ನಿಜವಾದ ಅಡ್ಡಿ ಕಂಠದಲ್ಲಿಲ್ಲ, ಚೌಕಿಯಲ್ಲಿದೆ. ದೀಪಾವಳಿಯ ನಂತರ ಹೊರಟ ಮೇಳ ಮಳೆಗಾಲದ ಹೊಸ್ತಿಲಿಗೆ ಬರುವ ತನಕ ಊರೂರು ತಿರುಗಬೇಕು. ಹೆಣ್ಣುಮಗಳು ಎಲ್ಲಿ ಮಲಗಬೇಕು, ಎಲ್ಲಿ ಸ್ನಾನ ಮಾಡಬೇಕು, ನಡುರಾತ್ರಿ ಶೌಚಕ್ಕೆ ಎಲ್ಲಿಗೆ ಹೋಗಬೇಕು? ಲೀಲಾವತಿಯವರ ಜೊತೆಗೆ ಮದ್ದಳೆ ಬಾರಿಸುವ ಗಂಡನಿದ್ದರು. ಹಾಡಲು ಬರುವ ಪ್ರತಿಯೊಬ್ಬ ಹುಡುಗಿಯೂ ಮೊದಲು ಒಬ್ಬ ಮದ್ದಳೆಗಾರನನ್ನು ಮದುವೆಯಾಗಬೇಕೇ? ಒಂದು ಕೋಣೆ, ಒಂದು ಬಾಗಿಲು, ಒಂದು ಚಿಲಕ. ಹರಕೆಯ ಆಟಗಳಿಗೆ ವರ್ಷಗಟ್ಟಲೆ ಮುಂಗಡ ಪಡೆವ ಮೇಳಗಳಿಗೆ ಇದು ದೊಡ್ಡ ಖರ್ಚಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ನಾಚಿ, ಸ್ವರದ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ.

ಬೇರೆಯವರನ್ನು ದೂರಿದ ಮೇಲೆ ನನ್ನದನ್ನೂ ಹೇಳಬೇಕು. ನನ್ನ ತರಗತಿಯಲ್ಲಿ ಭಾಗವತಿಕೆ ಕಲಿತ ಹುಡುಗಿಯೊಬ್ಬಳಿದ್ದಾಳೆ. ತಾಳ ತಪ್ಪದ, ಸಾಹಿತ್ಯ ನುಂಗದ ಹಾಡುಗಾರಿಕೆ. ಎರಡು ವರ್ಷವೂ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆಕೆಗೆ ನಾನು ಕೊಟ್ಟದ್ದು ಪ್ರಾರ್ಥನೆ. ಆಟದ ಪದ್ಯಕ್ಕೆ ಹೊರಗಿನಿಂದ ಭಾಗವತರನ್ನು ಕರೆಸಿದೆವು. ಆಕೆ ಸಭೆಯಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಮುಂದಿನ ವರ್ಷ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳಂತೆ.

ಈ ಸಲದ ಪಟ್ಟಿಯಲ್ಲಿ ಭಾಗವತಿಕೆಗೆ ಆಕೆಯ ಹೆಸರು ಬರೆದಿದ್ದೇನೆ. ಸಹೋದ್ಯೋಗಿಯೊಬ್ಬರು ನೋಡಿ, “ಹಾಗಾದರೆ ಪ್ರಾರ್ಥನೆಗೆ ಯಾರು ಸಾರ್?” ಎಂದು ಗಾಬರಿಯಿಂದ ಕೇಳಿದರು. ಗಂಡುಹುಡುಗರು ಇದ್ದಾರಲ್ಲ, ಎಂದೆ.