ಹುಡುಕಾಟದ ತೀರ್ಪುಗಾರರು ಯಾರು?

ಎಣ್ಣೆ ಸಿಡಿದು ಕೈ ಸುಟ್ಟುಕೊಂಡ ತಿರುವೊಟ್ಟಿಯೂರಿನ ಹೋಟೆಲು ಕಾರ್ಮಿಕ ಬಂಧುವೊಬ್ಬರು, ಇ.ಎಸ್.ಐ. ಆಸ್ಪತ್ರೆ ಎಲ್ಲಿದೆಯೆಂದು ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದರೆನ್ನಿ. ಪ್ರಶ್ನೆ ಕನ್ನಡದ್ದೆಂದು ಬೆಂಗಳೂರಿನ ಆಸ್ಪತ್ರೆಗಳೇ ಮೊದಲು ಬಂದರೆ ಉತ್ತರವೇನೋ ಸುಳ್ಳಲ್ಲ; ಸುಟ್ಟ ಕೈಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಯಾವ ಉತ್ತರವು ಪ್ರಸ್ತುತವೆಂಬುದನ್ನು ಯಂತ್ರವು ಮನುಷ್ಯರ ತೀರ್ಪಿನಿಂದಲೇ ಕಲಿಯಬೇಕು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್ಡನ್ ಅವರು ನಡೆಸಿದ ಪರೀಕ್ಷೆಯಲ್ಲಿ, ಪ್ರಶ್ನೆ ಕೇಳಿದ ವಿಜ್ಞಾನಿಗಳೇ ಉತ್ತರಗಳಿಗೆ ಬೆಲೆ ಕಟ್ಟಿದರು. ಈಗ ಆ ಸ್ಥಾನದಲ್ಲಿ ಸಂಬಳದ ತೀರ್ಪುಗಾರರೂ ಇದ್ದಾರೆ, ನಮ್ಮೆಲ್ಲರ ಬೆರಳುಗಳೂ ಇವೆ.

ಬೆರಳನ್ನು ನಂಬುವುದು ಹೇಗೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೆರಡು ಉತ್ತರಗಳನ್ನು ಅದಲುಬದಲು ಮಾಡಿದಾಗಲೂ ಜನರು ಮೇಲಿನದನ್ನೇ ಹೆಚ್ಚಾಗಿ ಒತ್ತಿದರು. ಸಪ್ಲಾಯರು ಮೊದಲು ಹೇಳಿದ ತಿಂಡಿಗೇ ಹೆಚ್ಚು ಆರ್ಡರು ಬೀಳುವುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೆಲ್ಲರೂ ಬಲ್ಲರು! ಅದರಿಂದ ಗಿರಾಕಿಯ ರುಚಿ ತಿಳಿದಂತಾಗದು. ಈ ಪಕ್ಷಪಾತವನ್ನು ಕಳೆದು ಲೆಕ್ಕ ಹಾಕುವ ಸೂತ್ರಗಳೇನೋ ಇವೆ. ಆದರೆ ಚೆನ್ನೈಯಲ್ಲಿದ್ದು ಕನ್ನಡದಲ್ಲಿ ಕೇಳುವವರು ವಿರಳರಾದಷ್ಟೂ ಸೂತ್ರಕ್ಕೆ ಸಿಗುವ ಲೆಕ್ಕವೂ ವಿರಳವೇ.

ಆದುದರಿಂದ ಬಂಧುಗಳು ಕನ್ನಡದಲ್ಲಿ ಕೇಳುವುದನ್ನು ಬಿಡಬಾರದೆಂದು ನಮ್ಮ ಅಭಿಪ್ರಾಯ. ಊರಿನ ಹೆಸರನ್ನು ಸೇರಿಸಿ ಕೇಳಲಿ. ಮೂರನೆಯ, ನಾಲ್ಕನೆಯ ಉತ್ತರವನ್ನೂ ಓದಿಯೇ ಒತ್ತಲಿ.